ಲಾಬಿಗಾರ ಯಾರೆಂದು ಕಾನೂನು ಹೇಳಲಿ

ನಾನು ವಿಧಾನಸೌಧದಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ಸಂದರ್ಶಕರ ವೇಳೆಯಲ್ಲಿ ಎರಡು ಬಗೆಯ ಜನರು ಬರುತ್ತಿದ್ದರು. ಊರಿನ ಕೆರೆ ಒತ್ತುವರಿಯಾಗಿದೆಯೆಂದು ಅರ್ಜಿ ಹಿಡಿದು ಬರುವ ರೈತರು ಒಂದು ಕಡೆ. ಕಂಪೆನಿಯೊಂದರ ಪರವಾಗಿ ಕರಡು ನಿಯಮದ ಸಾಲೊಂದನ್ನು ತಿದ್ದಿಸಲು ಬರುವ ನಯವಂತರು ಇನ್ನೊಂದು ಕಡೆ. ಸಂದರ್ಶಕರ ಪುಸ್ತಕದಲ್ಲಿ ಮಾತ್ರ ಇಬ್ಬರ ಕಾರಣವೂ ಒಂದೇ: ‘ಅಧಿಕಾರಿಗಳ ಭೇಟಿ’.

ಈ ವ್ಯತ್ಯಾಸವನ್ನು ಕಾನೂನಿನ ಭಾಷೆಯಲ್ಲಿ ಹಿಡಿದಿಡುವುದು ಸಾಧ್ಯವೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು 1974ರಲ್ಲಿ ಅಂಗೀಕರಿಸಿದ ರಾಜಕೀಯ ಸುಧಾರಣಾ ಕಾಯ್ದೆ ಇದಕ್ಕೊಂದು ಉತ್ತರ ನೀಡುತ್ತದೆ. ಶಾಸನ ಅಥವಾ ಆಡಳಿತದ ತೀರ್ಮಾನದ ಮೇಲೆ ಪ್ರಭಾವ ಬೀರಲು ಅಧಿಕಾರಿಗಳನ್ನು ನೇರವಾಗಿ ಸಂಪರ್ಕಿಸುವುದಕ್ಕಾಗಿ ತಿಂಗಳೊಂದರಲ್ಲಿ 2,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಸಂಭಾವನೆ ಪಡೆಯುವವನು ಅಲ್ಲಿ ಲಾಬಿಗಾರ. ಸಂಸ್ಥೆಯ ನೌಕರನಾದರೆ, ತಿಂಗಳ ದುಡಿಮೆಯ ಅವಧಿಯಲ್ಲಿ ಮೂರನೆಯ ಒಂದು ಭಾಗ ಇಂಥ ಸಂಪರ್ಕಕ್ಕೆ ವ್ಯಯವಾದಾಗ ಅವನೂ ಲಾಬಿಗಾರನೇ. ನೋಂದಣಿ ಕಡ್ಡಾಯ, ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು, ತಿಂಗಳಲ್ಲಿ ಒಬ್ಬ ಅಧಿಕಾರಿಗೆ 10 ಡಾಲರ್ ಮೀರಿದ ಉಡುಗೊರೆ ಕೊಡುವಂತಿಲ್ಲ. ಸಂಭಾವನೆಯಿಲ್ಲದೆ ತನ್ನ ಅಹವಾಲು ಹೇಳಿಕೊಳ್ಳುವ ನಾಗರಿಕ ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ನಮ್ಮ ರೈತ ಹೊರಗುಳಿಯುತ್ತಾನೆ, ಕಂಪೆನಿಯ ಪ್ರತಿನಿಧಿ ಒಳಗೆ ಬರುತ್ತಾನೆ.

ಇಂಥ ವ್ಯಾಖ್ಯೆ ಕೇಂದ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. 2010ರಲ್ಲಿ ರಾಡಿಯಾ ಟೇಪುಗಳು ಬಹಿರಂಗವಾದಾಗ ದೇಶವೇ ಬೆಚ್ಚಿಬಿದ್ದಿತು. 2013ರಲ್ಲಿ ಲೋಕಸಭೆಯ ಮುಂದೆ ಬಂದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ ಗುರಿ ಲಂಚ. ಲಂಚವಿಲ್ಲದೆ, ಕೇವಲ ಪರಿಚಯದ ಬಲದಿಂದ ನಡೆಯುವ ವ್ಯವಹಾರ ಅದರ ಕೈಗೆ ಸಿಗುವುದು ಕಷ್ಟ.

ನೋಂದಾಯಿಸಿಕೊಂಡರೆ ದಲ್ಲಾಳಿಗಳಿಗೆ ಪರವಾನಗಿ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪವಿದೆ. ಅವರು ಈಗಲೂ ಬರುತ್ತಿದ್ದಾರೆ ಎಂಬುದೇ ಅದಕ್ಕೆ ಉತ್ತರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತದ್ದು ಇಷ್ಟು: ಮಾಹಿತಿ ಕೆಲವರ ಸ್ವತ್ತಾದಾಗ ಅದರ ಬೆಲೆ ತೆರುವವರು ಉಳಿದವರು. ಇಲ್ಲಿ ಬೆಲೆ ತೆರುವವನು ಆ ಕೆರೆಯ ರೈತ.

ನಿವೃತ್ತಿಯ ಬಳಿಕ ಸಂಸ್ಥೆಯೊಂದು ನನಗೆ ‘ಸಲಹೆಗಾರ’ ಹುದ್ದೆ ನೀಡಲು ಮುಂದೆ ಬಂದಿತು. ಕೆಲಸವೇನೆಂದು ಕೇಳಿದೆ. ‘ಹಳೆಯ ಸಹೋದ್ಯೋಗಿಗಳಿಗೆ ಆಗಾಗ ಒಂದು ಫೋನ್ ಮಾಡಿದರೆ ಸಾಕು, ಸರ್’ ಎಂದರು. ನಾನು ಒಪ್ಪಲಿಲ್ಲ. ಒಪ್ಪಿದ್ದರೂ ಆ ಕರೆಗಳು ಯಾವ ದಾಖಲೆಗೂ ಸೇರುತ್ತಿರಲಿಲ್ಲ. ಸಾರ್ವಜನಿಕ ಹಿತವನ್ನು ನಿವೃತ್ತರ ಆತ್ಮಸಾಕ್ಷಿಗೆ ಒಪ್ಪಿಸಿ ಸುಮ್ಮನಿರುವುದು ಸರ್ಕಾರಕ್ಕೆ ತಕ್ಕುದಲ್ಲ.

ಕಾಯ್ದೆ ಬರುವವರೆಗೆ ಸಂದರ್ಶಕರ ಪುಸ್ತಕಕ್ಕೆ ಎರಡು ಅಂಕಣಗಳನ್ನಾದರೂ ಸೇರಿಸಲಿ: ಯಾರ ಪರವಾಗಿ ಬಂದಿದ್ದೀರಿ? ಅದಕ್ಕೆ ಸಂಭಾವನೆ ಪಡೆಯುತ್ತಿದ್ದೀರಾ?