ಹೊಲದ ಉಪಕರಣಗಳ ಸಂದೇಶಕ್ಕೂ ಬೀಗವಿರಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಕಡಿಮೆ ಮಳೆಯ ಪ್ರದೇಶಕ್ಕೆ ಸೇರಿವೆ. ಕೊಳವೆ ಬಾವಿಯನ್ನೇ ನಂಬಿದ ರೈತರು ಇಲ್ಲಿ ಬಹಳ. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ಓಡುವ ಕಷ್ಟವನ್ನು ಮೊಬೈಲ್ ಸ್ಟಾರ್ಟರು ತಪ್ಪಿಸುತ್ತದೆ. ಮಣ್ಣಿನ ತೇವಾಂಶ ಅಳೆದು, ಹನಿ ನೀರಾವರಿಯ ವಾಲ್ವನ್ನು ತಾನೇ ತೆರೆಯುವ ಉಪಕರಣಗಳೂ ಈಗ ದೊರೆಯುತ್ತವೆ.

ಇವು ರೇಡಿಯೋ ಅಲೆಗಳ ಮೂಲಕ ಸಂದೇಶ ಕಳುಹಿಸುತ್ತವೆ. ಆ ಅಲೆಗಳು ಹೊಲದ ಬದುವಿನಲ್ಲಿ ನಿಲ್ಲುವುದಿಲ್ಲ. ಬೇರೆಯವರ ಆಜ್ಞೆಗೆ ಮೋಟಾರು ಓಡಿದರೆ ನೀರು ಪೋಲಾಗುತ್ತದೆ. ಬಾವಿ ಬರಿದಾದ ಮೇಲೂ ಓಡಿದರೆ ಮೋಟಾರೇ ಸುಟ್ಟು ಹೋಗಬಹುದು.

ತೊಡಕು ಏನು?

ತೇವಾಂಶ ಮಾಪಕದಂತಹ ಸಾಧನದಲ್ಲಿ ಕೆಲವೊಮ್ಮೆ ಸುಮಾರು 10 ಕಿಲೋಬೈಟಿನಷ್ಟೇ ಸ್ಮರಣ ಸಾಮರ್ಥ್ಯವಿರುತ್ತದೆ. ಒಂದೇ ಬ್ಯಾಟರಿ ವರ್ಷಗಟ್ಟಲೆ ಬಾಳಬೇಕು. ಸಂದೇಶ ಉದ್ದವಾದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ಆದ್ದರಿಂದ ಬ್ಯಾಂಕಿನ ವ್ಯವಹಾರಕ್ಕೆ ಮೊಬೈಲ್ ಬಳಸುವ ದೀರ್ಘ ಭದ್ರತಾ ಕ್ರಮ ಇವುಗಳಿಗೆ ಭಾರವಾಗುತ್ತದೆ.

ಹಗುರವಾದ ಬೀಗ

ಇದಕ್ಕೆ ಎರಡು ಸರಳ ಉಪಾಯಗಳಿವೆ. ಮೊದಲನೆಯದು ಗುಪ್ತ ಕೀಲಿ. ಕಳುಹಿಸುವ ಮತ್ತು ಪಡೆಯುವ ಸಾಧನಗಳೆರಡರಲ್ಲೂ ಒಂದೇ ಕೀಲಿ ಇರುತ್ತದೆ. ಅದರಿಂದ ಪ್ರತಿ ಸಂದೇಶಕ್ಕೂ ಚಿಕ್ಕದೊಂದು ಮುದ್ರೆ ಬೀಳುತ್ತದೆ. ದೂರದ ಹೊಲಗಳಿಗೆ ಬಳಸುವ ಲೋರಾವಾನ್ ಪದ್ಧತಿಯಲ್ಲಿ ಈ ಕೀಲಿ 128 ಬಿಟ್ ಉದ್ದ. ಮುದ್ರೆ 4 ಬೈಟು ಮಾತ್ರ.

ಎರಡನೆಯದು ಕ್ರಮಸಂಖ್ಯೆ. ಹಡಗಲಿಯ ಮಲ್ಲಿಗೆ ತೋಟವೊಂದರ ಮೋಟಾರಿಗೆ ಬೆಳಿಗ್ಗೆ ‘ಚಾಲೂ ಮಾಡು’ ಎಂಬ ಸಂದೇಶ ಹೋಯಿತೆನ್ನೋಣ. ಅದನ್ನು ಯಾರೋ ಹಿಡಿದಿಟ್ಟು ರಾತ್ರಿ ಮತ್ತೆ ಕಳುಹಿಸಿದರೆ ಮುದ್ರೆ ಸರಿಯಾಗಿಯೇ ಇರುತ್ತದೆ. ಆದರೆ ರಸೀದಿ ಪುಸ್ತಕದಂತೆ ಪ್ರತಿ ಸಂದೇಶಕ್ಕೂ ಹೊಸ ಸಂಖ್ಯೆ ಇದ್ದರೆ, ಹಳೆಯ ಸಂಖ್ಯೆಯ ಸಂದೇಶವನ್ನು ಸಾಧನ ತಿರಸ್ಕರಿಸುತ್ತದೆ.

ಇಂತಹ ಚಿಕ್ಕ ಸಾಧನಗಳಿಗೆಂದೇ ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್, 2023ರಲ್ಲಿ ‘ಆಸ್ಕಾನ್’ ಎಂಬ ಹಗುರ ವಿಧಾನವನ್ನು ಆಯ್ದು, 2025ರಲ್ಲಿ ಮಾನಕವಾಗಿ ಪ್ರಕಟಿಸಿತು.

ರೈತರು ಅನುಸರಿಸಬೇಕಾದ ಕ್ರಮಗಳು

1. ಉಪಕರಣ ಕೂಡಿಸಿದ ದಿನವೇ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸಬೇಕು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಲಕ್ಷಾಂತರ ಕ್ಯಾಮೆರಾ ಮೊದಲಾದ ಸಾಧನಗಳನ್ನು ವಶಪಡಿಸಿಕೊಂಡದ್ದು ಇಂತಹ ಬದಲಿಸದ ಪಾಸ್‌ವರ್ಡುಗಳಿಂದಲೇ.

2. ಮೊಬೈಲ್ ಸ್ಟಾರ್ಟರಿನಲ್ಲಿ ಮನೆಯವರ ಸಂಖ್ಯೆಗಳನ್ನು ಮಾತ್ರ ಸೇರಿಸಬೇಕು. ಕರೆಯ ಸಂಖ್ಯೆಯನ್ನು ನಕಲು ಮಾಡಲು ಸಾಧ್ಯವಿರುವುದರಿಂದ, ಗುಪ್ತ ಸಂಖ್ಯೆಯನ್ನೂ ಕೇಳುವ ಸ್ಟಾರ್ಟರು ಉತ್ತಮ.

3. ಕೊಳ್ಳುವಾಗ ‘ಪ್ರತಿ ಸಾಧನಕ್ಕೂ ಬೇರೆ ಕೀಲಿ ಇದೆಯೇ? ಹಳೆಯ ಸಂದೇಶವನ್ನು ತಿರಸ್ಕರಿಸುತ್ತದೆಯೇ?’ ಎಂದು ವಿಚಾರಿಸಬೇಕು.

4. ನೀರಿಲ್ಲದಾಗ ಮೋಟಾರು ತಾನೇ ನಿಲ್ಲುವ ಏರ್ಪಾಡು ಇರಲೇಬೇಕು. ಬೀಗ ತಪ್ಪಿದರೂ ಮೋಟಾರು ಉಳಿಯುತ್ತದೆ.

5. ಉಪಕರಣ ಮಾರುವ ಮುನ್ನ ಅದರಲ್ಲಿನ ಸಂಖ್ಯೆ, ಪಾಸ್‌ವರ್ಡುಗಳನ್ನು ಅಳಿಸಬೇಕು.

ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಯ ಸಮಯದಲ್ಲಿ ಈ ಐದನ್ನೂ ಮಾಡಿ ತೋರಿಸುವುದು ಒಳ್ಳೆಯದು. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.