ಕನಸನ್ನು ಕನಸೆಂದು ಗುರುತಿಸುವ ಬಗೆ

ನಿದ್ರೆಯಲ್ಲಿರುವಾಗಲೇ, ಎಚ್ಚರಗೊಳ್ಳದೆ, ತಾನು ಕಾಣುತ್ತಿರುವುದು ಕನಸು ಎಂದು ಕನಸುಗಾರನಿಗೆ ಹೊಳೆದುಬಿಡುವ ಸ್ಥಿತಿಯನ್ನು ನಿದ್ರಾವಿಜ್ಞಾನವು ‘ಲೂಸಿಡ್ ಡ್ರೀಮ್’ ಎಂದು ಕರೆಯುತ್ತದೆ. ಅದನ್ನು ಇಲ್ಲಿ ಅರಿವಿನ ಕನಸು ಎನ್ನಲಾಗಿದೆ. ನೆದರ್ಲೆಂಡ್ಸ್‌ನ ಮನೋವೈದ್ಯನೂ ಸಾಹಿತಿಯೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಅರ್ಧ ಶತಮಾನದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇಕಡ 55 ಜನ ಬದುಕಿನಲ್ಲಿ ಒಮ್ಮೆಯಾದರೂ, ಶೇಕಡ 23 ಜನ ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚಾಗಿ, ಇಂಥ ಕನಸು ಕಂಡಿದ್ದಾರೆ. ಅನುಭವ ಅಪರೂಪದ್ದಲ್ಲ, ಆದರೆ ಬೇಕೆಂದಾಗ ಅದು ಕೈಗೆ ಸಿಗುವುದಿಲ್ಲ, ಮತ್ತು ಅದಕ್ಕಾಗಿ ರೂಪಿಸಿದ ಉಪಾಯಗಳೆಲ್ಲ ಗೆಲ್ಲುವುದೋ ಸೋಲುವುದೋ ನಿದ್ರಿಸುವ ಮಿದುಳಿನ ರಚನೆಯನ್ನು ಅವು ಎಷ್ಟರಮಟ್ಟಿಗೆ ಬಳಸಿಕೊಳ್ಳುತ್ತವೆ ಎಂಬುದರ ಮೇಲೆ ನಿಂತಿದೆ.

ವಯಸ್ಕನೊಬ್ಬನ ರಾತ್ರಿಯ ನಿದ್ರೆ ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ಪ್ರತಿ ಆವರ್ತದ ಕೊನೆಯಲ್ಲಿ ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆಗಳು ಬಿರುಸಾಗಿ ಹೊರಳಾಡುವ ಒಂದು ಘಟ್ಟ ಬರುತ್ತದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ವರ್ಣಿಸಿದ ಈ ಘಟ್ಟಕ್ಕೆ ರೆಮ್ ನಿದ್ರೆ ಎಂದು ಹೆಸರು. ಕಥೆಯಂತೆ ಬೆಳೆಯುವ, ದೃಶ್ಯಗಳಿಂದ ತುಂಬಿದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಇಡೀ ರಾತ್ರಿಯ ನಾಲ್ಕನೇ ಒಂದು ಪಾಲಿನಷ್ಟಿರುವ ಈ ನಿದ್ರೆ ಸಮನಾಗಿ ಹಂಚಿಕೆಯಾಗಿಲ್ಲ: ಮೊದಲ ಆವರ್ತದಲ್ಲಿ ಕೆಲವೇ ನಿಮಿಷ ಇರುವ ಅದು ಬೆಳಗಿನ ಜಾವದ ಹೊತ್ತಿಗೆ ಅರ್ಧ ಗಂಟೆಗೂ ಮಿಕ್ಕಿ ಹಿಗ್ಗುತ್ತದೆ. ಜೊತೆಗೆ ಇನ್ನೊಂದು ಏರ್ಪಾಡು ಇದೆ. ಕನಸಿನಲ್ಲಿ ಓಡಿದವನು ಹಾಸಿಗೆಯಿಂದಲೂ ಎದ್ದು ಓಡದಂತೆ ಮಿದುಳುಕಾಂಡದಿಂದ ಹೊರಡುವ ಆಜ್ಞೆಗಳು ಕೈಕಾಲು, ಕುತ್ತಿಗೆಗಳ ಸ್ನಾಯುಗಳನ್ನು ಸಡಿಲಗೊಳಿಸಿ ನಿಶ್ಚಲವಾಗಿಸುತ್ತವೆ. ಈ ಕಟ್ಟಿಗೆ ಸಿಗದೆ ಉಳಿಯುವ ಮುಖ್ಯ ಸ್ನಾಯುಗಳೆಂದರೆ ಕಣ್ಣನ್ನು ಹೊರಳಿಸುವವು ಮತ್ತು ಉಸಿರಾಟ ನಡೆಸುವ ವಪೆ.

ಇವುಗಳಲ್ಲಿ ಕಣ್ಣಿಗೆ ಸಿಕ್ಕ ವಿನಾಯಿತಿಯಿಂದಲೇ ಅರಿವಿನ ಕನಸು ಪ್ರಯೋಗಾಲಯದಲ್ಲಿ ಸಾಬೀತಾಗುವಂತಾಯಿತು. ಕಣ್ಣುಗುಡ್ಡೆಯ ಮುಂಭಾಗದ ಕಾರ್ನಿಯಾ ಹಿಂಭಾಗದ ಅಕ್ಷಿಪಟಕ್ಕೆ ಹೋಲಿಸಿದರೆ ಧನ ವಿದ್ಯುದಂಶವುಳ್ಳದ್ದಾದ್ದರಿಂದ ಕಣ್ಣು ಒಂದು ಪುಟ್ಟ ಬ್ಯಾಟರಿಯಂತಿದ್ದು, ಅದು ಎಡಕ್ಕೋ ಬಲಕ್ಕೋ ತಿರುಗಿದಾಗ ಕಣ್ಣಿನ ಹೊರ ಅಂಚಿಗೆ ಅಂಟಿಸಿದ ಲೋಹದ ಬಿಲ್ಲೆಗಳು ಆ ವಿದ್ಯುತ್ತಿನ ಏರಿಳಿತವನ್ನು ಹಿಡಿದು ಗೆರೆಯಾಗಿ ಬರೆಯುತ್ತವೆ. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ನಡೆಸಿದ ಪ್ರಯೋಗದಲ್ಲಿ ಅಲನ್ ವರ್ಸ್ಲಿ ಎಂಬಾತ ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿಂದ ಕಣ್ಣುಗಳನ್ನು ಎಡಬಲ ಹೊರಳಿಸಿ ಸಂಜ್ಞೆ ಕಳಿಸಿದ; ಮಿದುಳು ಮತ್ತು ಸ್ನಾಯುಗಳ ದಾಖಲೆಗಳು ಆ ಗಳಿಗೆಯಲ್ಲಿ ಆತ ರೆಮ್ ನಿದ್ರೆಯಲ್ಲೇ ಇದ್ದುದನ್ನು ತೋರಿಸಿದವು. ಇದನ್ನು ತಿಳಿಯದೆಯೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದೇ ಹಾದಿ ಹಿಡಿದಿದ್ದ ಸ್ಟೀಫನ್ ಲಬರ್ಜ್ 1981ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ, ಇದು ನಿದ್ರೆಯ ನಡುವಿನ ಕ್ಷಣಿಕ ಎಚ್ಚರವಷ್ಟೇ ಎಂಬ ಆಕ್ಷೇಪಣೆ ನಿಧಾನವಾಗಿ ಕುಗ್ಗಿತು.

ಹಾಗಾದರೆ ಸಾಮಾನ್ಯ ಕನಸಿನಲ್ಲಿ ಸಂಶಯವೇಕೆ ಹುಟ್ಟುವುದಿಲ್ಲ? 1990ರ ದಶಕದಲ್ಲಿ ನಿದ್ರಿಸುವವರ ಮಿದುಳಿನ ರಕ್ತಸಂಚಾರವನ್ನು ಅಳೆದ ಅಧ್ಯಯನಗಳು ಕಂಡುಕೊಂಡಂತೆ, ರೆಮ್ ನಿದ್ರೆಯಲ್ಲಿ ದೃಶ್ಯ ಮತ್ತು ಭಾವನೆಗಳಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದರೆ, ಹಣೆಯ ಹಿಂದಿನ ಮಿದುಳಿನ ಮೇಲ್ಪಾರ್ಶ್ವ, ಅಂದರೆ ಸಂಗತಿಗಳನ್ನು ತಾಳೆ ನೋಡುವ, ಅಸಂಗತವನ್ನು ಹಿಡಿಯುವ ಭಾಗ, ಮಂಕಾಗಿರುತ್ತದೆ. ಉದಾಹರಣೆಗೆ ಶರಾವತಿ ನದಿಗೆ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಮಲೆನಾಡಿನ ಸಾಗರ ಮತ್ತು ಹೊಸನಗರ ಸೀಮೆಯ ಅನೇಕ ಹಳ್ಳಿಗಳನ್ನು ಮುಳುಗಿಸಿತು. ಅಲ್ಲಿ ಮನೆ ಬಿಟ್ಟು ಬಂದವರೊಬ್ಬರಿಗೆ ಆ ಮನೆಯ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತಿರುವಂತೆ ಕನಸು ಬಿದ್ದರೆ, ಶರಾವತಿಯ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆ ಅವರಿಗೆ ಅಲ್ಲಿ ಏಳುವುದಿಲ್ಲ. ಮನೆಯ ನೆನಪು ಇದೆ, ಅಣೆಕಟ್ಟಿನ ನೆನಪೂ ಇದೆ. ಎರಡನ್ನೂ ಎದುರುಬದುರು ನಿಲ್ಲಿಸಿ ಕೇಳುವ ವಿಮರ್ಶಕ ಮಾತ್ರ ಎದ್ದಿಲ್ಲ. ಪದೇ ಪದೇ ಬರುವ, ಎಚ್ಚರದ ಬಾಳಿನಲ್ಲಿ ಸಾಧ್ಯವೇ ಇಲ್ಲದ ಇಂಥ ದೃಶ್ಯವನ್ನು ಸಂಶೋಧಕರು ಕನಸಿನ ಗುರುತು ಎನ್ನುತ್ತಾರೆ. ತೀರಿಹೋದವರು ಮಾತಾಡುವುದು, ಓದು ಮುಗಿಸಿ ದಶಕಗಳಾದ ಮೇಲೂ ಪರೀಕ್ಷೆಗೆ ಕೂರುವುದು ಇವೂ ಅದೇ ಬಗೆಯವು. ತನ್ನ ಗುರುತು ಯಾವುದೆಂದು ತಿಳಿಯಬೇಕಾದವನು ಎದ್ದೊಡನೆ, ಮಗ್ಗುಲು ಬದಲಿಸುವ ಮೊದಲೇ, ಕನಸನ್ನು ಹಿಂದಕ್ಕೆ ಹಿಂದಕ್ಕೆ ನೆನೆದು ಪುಸ್ತಕದಲ್ಲಿ ಬರೆದಿಡಬೇಕು; ಕೆಲವು ವಾರಗಳ ಬರವಣಿಗೆಯಲ್ಲಿ ಮರುಕಳಿಸುವ ಸಂಗತಿಗಳು ತಾವಾಗಿ ಕಾಣಿಸುತ್ತವೆ.

ಕನಸಿನ ಗುರುತು ಹುಡುಕುವುದು ಮೊದಲ ಉಪಾಯವಾದರೆ, ಎರಡನೆಯದು ವಾಸ್ತವದ ಪರೀಕ್ಷೆ, ಅಂದರೆ ಹಗಲಿನಲ್ಲಿ ಹಲವು ಸಲ ನಿಂತು ‘ಇದು ಕನಸೇ?’ ಎಂದು ನಿಜವಾಗಿ ಕೇಳಿಕೊಂಡು ಒಂದು ಸಣ್ಣ ಪ್ರಯೋಗ ಮಾಡಿ ನೋಡುವುದು. ಜರ್ಮನಿಯ ಮನೋವಿಜ್ಞಾನಿ ಪಾಲ್ ಥೋಲಿ ಇದನ್ನು ಒಂದು ಕ್ರಮವಾಗಿ ಬೆಳೆಸಿದ. ಹಗಲಿನ ಅಭ್ಯಾಸ ಕನಸಿಗೂ ಹರಿದು, ಅಲ್ಲಿ ಪರೀಕ್ಷೆಯ ಉತ್ತರ ಬೇರೆಯಾಗಿ ಬರುತ್ತದೆ ಎಂಬುದು ಇದರ ತರ್ಕ. ಬರಹವನ್ನು ಎರಡು ಸಲ ಓದುವುದು ಪ್ರಸಿದ್ಧ ಪರೀಕ್ಷೆ. ಎಚ್ಚರದಲ್ಲಿ ಅಕ್ಷರದಿಂದ ಹೊರಟ ಬೆಳಕು ಕಣ್ಣಿಗೆ ಬೀಳುತ್ತಲೇ ಇರುವುದರಿಂದ ಬರಹ ಬದಲಾಗದೆ ನಿಲ್ಲುತ್ತದೆ. ಕನಸಿನಲ್ಲಿ ಹೊರಗಿನ ಆಧಾರವಿಲ್ಲದ ಮಿದುಳು ಪ್ರತಿ ನೋಟಕ್ಕೂ ಅದನ್ನು ಹೊಸದಾಗಿ ಕಟ್ಟಬೇಕು. ಆದ್ದರಿಂದ ಸಾಗರದ ಬಸ್ ನಿಲ್ದಾಣದಲ್ಲಿ ‘ಹೊಸನಗರ’ ಎಂದಿದ್ದ ಫಲಕ ಮತ್ತೊಮ್ಮೆ ನೋಡುವಷ್ಟರಲ್ಲಿ ‘ತೀರ್ಥಹಳ್ಳಿ’ ಎಂದಾಗಿರಬಹುದು, ಇಲ್ಲವೇ ಯಾವ ಭಾಷೆಗೂ ಸೇರದ ಗೀಚಾಗಿರಬಹುದು. ದೀಪದ ಸ್ವಿಚ್ ಒತ್ತಿ ಬೆಳಕು ಬರುವುದೇ ಎಂದು ನೋಡುವ ಪರೀಕ್ಷೆಯನ್ನೂ ಪಾಶ್ಚಾತ್ಯ ಪುಸ್ತಕಗಳು ಶಿಫಾರಸು ಮಾಡುತ್ತವೆ. ಸ್ವಿಚ್ ಒತ್ತಿದರೂ ದೀಪ ಹತ್ತದಿರುವುದು ಆಷಾಢದ ಮಲೆನಾಡಿನಲ್ಲಿ ಎಚ್ಚರದ ಲಕ್ಷಣವೇ ಆಗಿರುವುದರಿಂದ ಈ ಸೀಮೆಗೆ ಅದು ಹೊಂದುವುದಿಲ್ಲ. ಎಲ್ಲಕ್ಕಿಂತ ನಂಬಿಕಸ್ಥವಾದದ್ದು ಮೂಗು ಹಿಡಿಯುವ ಪರೀಕ್ಷೆ: ಬಾಯಿ ಮುಚ್ಚಿ, ಬೆರಳುಗಳಿಂದ ಮೂಗಿನ ಹೊಳ್ಳೆಗಳನ್ನು ಒತ್ತಿ ಉಸಿರೆಳೆದುಕೊಂಡಾಗ ಎಚ್ಚರದಲ್ಲಿ ಉಸಿರು ಕಟ್ಟುತ್ತದೆ, ಕನಸಿನಲ್ಲಿ ಒತ್ತಿದ ಕೈಯೂ ಒತ್ತಿಸಿಕೊಂಡ ಮೂಗೂ ಕಲ್ಪಿತವಾಗಿದ್ದು, ಹಾಸಿಗೆಯ ಮೇಲಿನ ನಿಜವಾದ ಮೂಗು ತೆರೆದೇ ಇರುವುದರಿಂದ ಗಾಳಿ ಸರಾಗವಾಗಿ ಒಳಗೆ ಹೋಗುತ್ತದೆ.

ಆದರೂ ಪರೀಕ್ಷೆಗಳಿಗೆ ಸಿಕ್ಕಿರುವ ಪ್ರಚಾರ ಅವುಗಳ ಯೋಗ್ಯತೆಗಿಂತ ಹೆಚ್ಚು. ಕಷ್ಟವಿರುವುದು ಪರೀಕ್ಷೆ ಮಾಡುವುದರಲ್ಲಲ್ಲ, ಮಾಡಬೇಕೆಂದು ಕನಸಿನೊಳಗೆ ನೆನಪಾಗುವುದರಲ್ಲಿ. ಮುಂದೆ ಮಾಡಬೇಕಾದ ಕೆಲಸವನ್ನು ಸರಿಯಾದ ಹೊತ್ತಿಗೆ ನೆನೆಯುವ ಈ ಶಕ್ತಿಯನ್ನು ಮನೋವಿಜ್ಞಾನವು ಭವಿಷ್ಯದ ನೆನಪು ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೆ ಹೋದಾಗ ಮಾರಾಟದ ಪಟ್ಟಿ ತರಬೇಕು ಎಂದುಕೊಂಡವನಿಗೆ ಬಾಗಿಲು ಕಂಡೊಡನೆ ಪಟ್ಟಿ ನೆನಪಾಗುವುದು ಇದೇ ಶಕ್ತಿಯಿಂದ. ಲಬರ್ಜ್ 1980ರಲ್ಲಿ ವಿವರಿಸಿದ, ಮೈಲ್ಡ್ ಎಂಬ ಸಂಕ್ಷಿಪ್ತ ಹೆಸರಿನ ತಂತ್ರ ಇದನ್ನೇ ದುಡಿಸಿಕೊಳ್ಳುತ್ತದೆ. ಕನಸೊಂದರಿಂದ ಎಚ್ಚರವಾದವನು ಅದನ್ನು ಪೂರ್ತಿ ನೆನೆದು, ಮುಂದಿನ ಸಲ ಕನಸು ಕಾಣುವಾಗ ಅದು ಕನಸೆಂದು ನೆನಪಿಸಿಕೊಳ್ಳುತ್ತೇನೆ ಎಂಬ ಸಂಕಲ್ಪವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತ, ಅದೇ ಕನಸಿಗೆ ಮರಳಿದಂತೆಯೂ ಅದರ ಗುರುತನ್ನು ಈ ಬಾರಿ ಹಿಡಿದಂತೆಯೂ ಚಿತ್ರಿಸಿಕೊಳ್ಳುತ್ತ ನಿದ್ರೆಗೆ ಜಾರಬೇಕು. ಮಲಗಿ ಸುಮಾರು ಐದು ಗಂಟೆಗಳ ಮೇಲೆ ಎದ್ದು, ಕೆಲವು ನಿಮಿಷ ಎಚ್ಚರವಿದ್ದು, ಮತ್ತೆ ಮಲಗುವಾಗ ಇದನ್ನು ಮಾಡಿದರೆ ಫಲ ಹೆಚ್ಚು, ಏಕೆಂದರೆ ಮುಂದೆ ಬರುವುದು ರೆಮ್ ನಿದ್ರೆ ಹಿಗ್ಗಿರುವ ಹೊತ್ತು. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹೋಮ್ ಆ್ಯಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆ, ನಡುರಾತ್ರಿಯ ಎಚ್ಚರ, ಸಂಕಲ್ಪ ಮೂರನ್ನೂ ಕೂಡಿಸಿದವರಿಗೆ ಶೇಕಡ 17ರಷ್ಟು ರಾತ್ರಿಗಳಲ್ಲಿ ಅರಿವಿನ ಕನಸು ಬಿತ್ತು. ಸಂಕಲ್ಪ ಮುಗಿಸಿ ಐದು ನಿಮಿಷದೊಳಗೆ ನಿದ್ರೆ ಹೋದವರಲ್ಲಿ ಅದು ಶೇಕಡ 46ಕ್ಕೆ ಏರಿತು.

ಹೊರಗಿನಿಂದ ಸೂಚನೆ ಕೊಡುವ ದಾರಿಯೂ ಒಂದಿದೆ. 1958ರಲ್ಲಿ ವಿಲಿಯಂ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ ರೆಮ್ ನಿದ್ರೆಯಲ್ಲಿದ್ದವರ ಮೇಲೆ ಸದ್ದು, ಬೆಳಕು, ನೀರಿನ ಹನಿಗಳನ್ನು ಪ್ರಯೋಗಿಸಿದಾಗ, ಸದ್ದು ಶೇಕಡ 9, ಬೆಳಕು ಶೇಕಡ 23, ನೀರು ಶೇಕಡ 42ರಷ್ಟು ಸಲ ಕನಸಿನ ಕಥೆಯೊಳಗೆ ಸೇರಿಕೊಂಡವು. ಆಗುಂಬೆಯ ಮಳೆಯಲ್ಲಿ ಸೋರುವ ಹೆಂಚಿನಡಿ ಮಲಗಿದವನ ಕನಸಿನಲ್ಲಿ ಹೊಳೆ ಉಕ್ಕಿದರೆ ಅದಕ್ಕೆ ಶಕುನ ಕೇಳಬೇಕಾಗಿಲ್ಲ. ನೀರೆರಚಿದರೆ ನಿದ್ರೆ ಕೆಡುವುದರಿಂದ ಲಬರ್ಜ್‌ನ ತಂಡ ಬೆಳಕನ್ನು ಆರಿಸಿಕೊಂಡು, ಕಣ್ಣುಗಳು ಬಿರುಸಾಗಿ ಹೊರಳುವುದನ್ನು ಗ್ರಹಿಸಿ ರೆಪ್ಪೆಯ ಮೇಲೆ ಕೆಂಪು ದೀಪ ಮಿನುಗಿಸುವ ಮುಖವಾಡವನ್ನು ತಯಾರಿಸಿತು. ಕನಸಿನಲ್ಲಿ ಆ ಮಿನುಗು ಮಿಂಚಾಗಿಯೋ ಲಾರಿಯ ದೀಪವಾಗಿಯೋ ಕಾಣಿಸಿದಾಗ ಅದನ್ನು ಸೂಚನೆಯೆಂದು ಹಿಡಿಯುವ ಕೆಲಸ ಮತ್ತೆ ಕನಸುಗಾರನ ನೆನಪಿನದೇ.

ಎಚ್ಚರದಿಂದ ನೇರವಾಗಿ ಕನಸಿಗೆ ಕಾಲಿಡುವ ವಿಧಾನ ಹೆಚ್ಚು ಕಠಿಣ. ನಿದ್ರೆ ಹತ್ತುವ ಗಳಿಗೆಯಲ್ಲಿ ದಿನದ ಕೆಲಸದ ಚೂರುಗಳು ಕಣ್ಣ ಮುಂದೆ ತೇಲುತ್ತವೆ. 2000ದಲ್ಲಿ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿ ನೋಡಿದಾಗ, ಆಡಿದ್ದೇ ಮರೆತುಹೋಗುವ ಸ್ಮೃತಿನಾಶದ ಐವರಲ್ಲಿ ಮೂವರಿಗೂ ಬೀಳುವ ತುಂಡುಗಳು ಕಂಡವು. ಸುಗ್ಗಿಯ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕುಳಿತು ಹಸಿ ಅಡಿಕೆ ಸುಲಿದವರಿಗೆ ಮುಚ್ಚಿದ ಕಣ್ಣೊಳಗೂ ಸಿಪ್ಪೆ ಬಿಚ್ಚುತ್ತಲೇ ಇರುವುದಕ್ಕೆ ಕಾರಣ ಇದೇ. ಆ ಚಿತ್ರಗಳನ್ನು ನೋಡುತ್ತ ಅರಿವು ಕೆಡದೆ ನಿದ್ರೆಗೆ ಇಳಿಯುವವನಿಗೆ ಮೈ ಕಟ್ಟಿಹಾಕಿದಂತೆ, ಎದೆಯ ಮೇಲೆ ಯಾರೋ ಕುಳಿತಂತೆ ಅನ್ನಿಸಬಹುದು. ಹಳ್ಳಿಗಳಲ್ಲಿ ದೆವ್ವದ ಕಾಟವೆನ್ನುವ ಈ ನಿದ್ರಾಸ್ತಂಭನ ಸ್ನಾಯುಗಳ ಕಟ್ಟು ಬಿಡುವ ಮುನ್ನ ಮನಸ್ಸು ಎದ್ದಿರುವುದರ ಪರಿಣಾಮ, ಕೆಲವು ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ.

ಕನಸನ್ನು ಪರೀಕ್ಷೆಗೆ ಒಡ್ಡುವ ವಿಚಾರ ಈ ಸೀಮೆಗೆ ಹೊಸದಲ್ಲ. ತೀರ್ಥಹಳ್ಳಿಗೆ ದಕ್ಷಿಣದ ಶೃಂಗೇರಿಯ ಪರಂಪರೆ ಶಂಕರರ ಪರಮಗುರುವೆಂದು ಗೌರವಿಸುವ ಗೌಡಪಾದರು ಮಾಂಡೂಕ್ಯಕಾರಿಕೆಯ ಎರಡನೆಯ ಪ್ರಕರಣದಲ್ಲಿ, ದೂರದ ಊರಿಗೆ ಹೋಗಿಬರಲು ಬೇಕಾದಷ್ಟು ಕಾಲ ಕನಸಿಗೆ ಇಲ್ಲವೆಂದೂ ಎಚ್ಚತ್ತವನು ಆ ಊರಿನಲ್ಲಿ ಇರುವುದಿಲ್ಲವೆಂದೂ ತೋರಿಸಿ ಕನಸಿನ ವಸ್ತುಗಳ ಮಿಥ್ಯೆಯನ್ನು ಸಾಧಿಸುತ್ತಾರೆ. ಕಾಲದ ಮಾತನ್ನು ಪ್ರಯೋಗಾಲಯವೂ ಅಳೆದಿದೆ: ಅರಿವಿನ ಕನಸಿನಲ್ಲಿ ಕಣ್ಸನ್ನೆಗಳ ನಡುವೆ ಎಣಿಕೆ ಮಾಡಲು ಎಚ್ಚರದಲ್ಲಿ ಹಿಡಿಯುವಷ್ಟೇ ಸಮಯ ಹಿಡಿಯುತ್ತದೆ, ಬಸ್ಕಿ ಹೊಡೆಯಲಂತೂ ಹೆಚ್ಚೇ ಬೇಕಾಗುತ್ತದೆ, ಕ್ಷಣದಲ್ಲಿ ವರ್ಷಗಳು ಕಳೆಯುವುದಿಲ್ಲ, ನಡುವಿನ ಪ್ರಯಾಣ ಬಿಟ್ಟುಹೋಗಿರುತ್ತದೆ ಅಷ್ಟೆ. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ ಞಿಂಗ್ಮಾ ಪರಂಪರೆಯ ಸ್ವಪ್ನಯೋಗವು ಹಗಲಿನ ಎಲ್ಲವನ್ನೂ ಕನಸೆಂದೇ ಭಾವಿಸಲು ಹೇಳುತ್ತದೆ, ಥೋಲಿಯ ಪ್ರಶ್ನೆಗೆ ಮೊದಲೇ ‘ಹೌದು’ ಎಂದು ಉತ್ತರ ಕೊಟ್ಟಂತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಪಶ್ಯನ ಸಾಧಕರ ಗಾಢ ನಿದ್ರೆಯೂ ರೆಮ್ ನಿದ್ರೆಯೂ ಇತರರಿಗಿಂತ ಹೆಚ್ಚಿದ್ದುದು ಕಂಡಿತ್ತು. ದೀರ್ಘಕಾಲ ಧ್ಯಾನ ಮಾಡಿದವರಿಗೆ ಅರಿವಿನ ಕನಸುಗಳು ಹೆಚ್ಚೆಂದು 2019ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಎಂಟು ವಾರಗಳ ತರಬೇತಿಯಿಂದ ಮಾತ್ರ ಏನೂ ಬದಲಾಗಲಿಲ್ಲ.

ಈ ಅಭ್ಯಾಸದ ಬೆಲೆ ನಿದ್ರೆಯಲ್ಲೇ ತೆರಬೇಕಾದ್ದು. ರಾತ್ರಿ ಅಡಿಕೆ ಸುಲಿಯುವ ಕೆಲಸ ಮುಗಿಸಿ ಮಲಗಿ ನಸುಕಿಗೇ ಅದನ್ನು ಬೇಯಿಸುವ ಚೊಗರಿನ ಹಂಡೆಗೆ ಬೆಂಕಿ ಹಾಕಲು ಏಳುವವರಿಗೆ ಮೊದಲು ಕಡಿತವಾಗುವುದೇ ಕೊನೆಯ ರೆಮ್ ನಿದ್ರೆ. ಅದರ ನಡುವೆ ಇನ್ನೊಂದು ಅಲಾರಂ ಇಡುವುದು ಅವಿವೇಕ. ಭ್ರಮೆಯ ಮನೋರೋಗ ಇರುವವರು, ಇದ್ದವರು ಇದನ್ನು ಕೈಬಿಡುವುದೇ ಲೇಸು. ಆಲ್ಝೈಮರ್ ರೋಗಕ್ಕೆ ಕೊಡುವ ಗ್ಯಾಲಂಟಮೈನ್ ಔಷಧಿಯ 8 ಮಿಲಿಗ್ರಾಂ ಪಡೆದವರಲ್ಲಿ ಶೇಕಡ 42 ಜನರಿಗೆ, ಹುಸಿಗುಳಿಗೆ ಪಡೆದಾಗ ಶೇಕಡ 14 ಜನರಿಗೆ, ಅರಿವಿನ ಕನಸು ಬಿತ್ತೆಂದು 2018ರ ಪ್ರಯೋಗವೊಂದು ವರದಿ ಮಾಡಿದೆಯಾದರೂ, ಕನಸಿಗಾಗಿ ವೈದ್ಯರ ಸಲಹೆಯಿಲ್ಲದೆ ಅದನ್ನು ನುಂಗುವಂತಿಲ್ಲ.

ಗುರುತು ಹಿಡಿದ ಮೇಲೆ ಬರುವ ಅಡಚಣೆ ಸಂತೋಷವೇ: ಉದ್ವೇಗ ಏರಿದೊಡನೆ ಎಚ್ಚರವಾಗುತ್ತದೆ. ಕನಸು ಮಸುಕಾಗತೊಡಗಿದಾಗ ಕನಸಿನ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿದರೆ ಆ ಸ್ಪರ್ಶ ಗಮನವನ್ನು ಕನಸಿನ ದೇಹದಲ್ಲೇ ಹಿಡಿದಿಡುತ್ತದೆ. ಹೀಗೆ ನಿಲ್ಲಬಲ್ಲವರೊಂದಿಗೆ ಮಾತುಕತೆಯೂ ಸಾಧ್ಯವೆಂದು 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ಗಳ ನಾಲ್ಕು ಪ್ರಯೋಗಾಲಯಗಳು ಒಟ್ಟಾಗಿ ತೋರಿಸಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ನಿದ್ರಿಸುವವನ ಪಕ್ಕದಲ್ಲಿ ಕೇಳಿದಾಗ ಆತ ಕಣ್ಣುಗಳನ್ನು ಎರಡು ಸಲ ಎಡಬಲ ಹೊರಳಿಸಿದ. ಒಟ್ಟು 158 ಬಾರಿ ಹೀಗೆ ಪ್ರಶ್ನೆ ಕೇಳಿದ್ದರಲ್ಲಿ ಸರಿಯುತ್ತರ ಬಂದದ್ದು ಶೇಕಡ 18ರಷ್ಟು, ತಪ್ಪುತ್ತರ ಶೇಕಡ 3ರಷ್ಟು. ಅರ್ಧಕ್ಕಿಂತ ಹೆಚ್ಚು ಸಲ ಯಾವ ಉತ್ತರವೂ ಬರಲಿಲ್ಲ.