ಮುಸಫ್ಫಾದ ಇಗರ್ಜಿ, ಶಾಬಿಯಾದ ಸಂಸಾರಗಳು: ಊರಲ್ಲಿ ಹಬ್ಬಿದ ಕೆಲವು ತಪ್ಪು ಕಲ್ಪನೆಗಳು

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಅದರಲ್ಲೂ ನಮ್ಮವರು ಶಾಬಿಯಾ ಎನ್ನುವ ಭಾಗದಲ್ಲಿ, ಬಾಡಿಗೆ ಫ್ಲ್ಯಾಟ್ ಹಿಡಿದು ಸಂಸಾರ ಹೂಡಲು ಕರಾವಳಿಯ ಎಳೆಯ ಕ್ರೈಸ್ತ ದಂಪತಿಗಳು ಬರುತ್ತಲೇ ಇರುತ್ತಾರೆ. ಹೊರಡುವ ಮುನ್ನ ಊರಲ್ಲಿ ಅವರ ಕಿವಿಗೆ ಬೀಳುವ ಮಾತುಗಳಲ್ಲಿ ಕೆಲವನ್ನು ಸರಿಪಡಿಸಲೇಬೇಕು.

“ಅದು ಮುಸ್ಲಿಂ ದೇಶ. ಪ್ರಾರ್ಥನೆ ಏನಿದ್ದರೂ ಮನೆಯೊಳಗೆ ಗುಟ್ಟಾಗಿ.”

ಯುಎಇ ಎಂಬ ರಾಷ್ಟ್ರ ಹುಟ್ಟಿದ್ದು 1971ರಲ್ಲಿ. ಅಬುಧಾಬಿಯಲ್ಲಿ ಮೊದಲ ಕ್ಯಾಥೊಲಿಕ್ ಚರ್ಚ್ ಎದ್ದದ್ದು ಅದಕ್ಕೂ ಮೊದಲು, 1965ರಲ್ಲಿ, ಆಗಿನ ದೊರೆ ಶೇಖ್ ಶಖ್‌ಬೂತ್ ಕೊಟ್ಟ ಜಾಗದಲ್ಲಿ. ಈಗಿನ ಸೇಂಟ್ ಜೋಸೆಫ್ ಕೆಥೆಡ್ರಲ್ 1983ರದ್ದು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಪಕ್ಕದ ಮುಸಫ್ಫಾದ ಸೇಂಟ್ ಪಾಲ್ಸ್ ಚರ್ಚನ್ನು 2015ರ ಜೂನ್‌ನಲ್ಲಿ ಉದ್ಘಾಟಿಸಿದವರು ವ್ಯಾಟಿಕನ್ನಿನ ಕಾರ್ಡಿನಲ್ ಪಿಯೆತ್ರೊ ಪರೋಲಿನ್. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೆ ಅಬುಧಾಬಿಯ ಅಬು ಮುರೈಖಾದಲ್ಲಿ 2024ರಲ್ಲಿ ಚರ್ಚ್ ಆಗಿದೆ. ಮಿತಿಗಳೂ ಇವೆ. ಆರಾಧನೆ ಚರ್ಚಿನ ಆವರಣದೊಳಗೆ ನಡೆಯಬೇಕು, ಮುಸ್ಲಿಮರಲ್ಲಿ ಮತಪ್ರಚಾರ ಮಾಡುವಂತಿಲ್ಲ. ಇವನ್ನು ಗೌರವಿಸಿ ನಡೆದುಕೊಂಡರೆ ಹೆದರಿಕೆಯ ಮಾತೇ ಇಲ್ಲ.

“ವಾರದ ರಜೆ ಶುಕ್ರವಾರ, ಭಾನುವಾರ ಪೂಜೆಗೆ ಹೋಗುವುದಾಗದು.”

ಇದು ಹಳೆಯ ಮಾತು. 2022ರ ಜನವರಿಯಿಂದ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬಂದಿದೆ.

“ಚರ್ಚ್ ಎಂದರೆ ಪೂಜೆ ಮುಗಿಸಿ ಮನೆಗೆ ಬರುವುದು. ಅದರಿಂದ ಯಾರ ಪರಿಚಯವಾದೀತು?”

ಪೂಜೆಯಷ್ಟರಿಂದ ಆಗುವುದಿಲ್ಲ, ನಿಜ. ಊರಿನಲ್ಲಿ ಇಗರ್ಜಿಯ ಜೊತೆಗೆ ವಾಡೊ, ಅಂದರೆ ಇಗರ್ಜಿಯ ವಾರ್ಡು, ಇರುತ್ತದೆ, ವಾಡೊಗೊಬ್ಬ ಗುರಿಕಾರ ಇರುತ್ತಾನೆ. ಮನೆಯಲ್ಲಿ ಕಾಯಿಲೆಯಾದರೆ, ಸಾವಾದರೆ ಮೊದಲು ಸುದ್ದಿ ಮುಟ್ಟುವುದು ಅವನಿಗೆ. ಶಾಬಿಯಾದ ಫ್ಲ್ಯಾಟಿನಲ್ಲಿ ಪಕ್ಕದ ಬಾಗಿಲಿನವರ ಹೆಸರೂ ಗೊತ್ತಿರುವುದಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಎಳೆಗೂಸಿನ ತಾಯಿ ದಿನವಿಡೀ ಒಬ್ಬಳೇ. ಬಾಣಂತನಕ್ಕೆ ವಿಸಿಟ್ ವೀಸಾದಲ್ಲಿ ಬಂದ ಅಮ್ಮ ಅವಧಿ ಮುಗಿದೊಡನೆ ಹೊರಡಬೇಕು. ಈ ಕೊರತೆಯನ್ನು ತುಂಬುವುದು ದೊಡ್ಡ ಹಬ್ಬಗಳು ಎಂದು ನಮ್ಮ ಜನ ಭಾವಿಸಿದ್ದಾರೆ. ನನ್ನ ಮಟ್ಟಿಗೆ ಅದನ್ನು ತುಂಬುವುದು ಮಕ್ಕಳ ಧರ್ಮೋಪದೇಶ ತರಗತಿ. ಶಾಲಾ ವರ್ಷವಿಡೀ, ವಾರವಾರವೂ, ಅದೇ ಮಕ್ಕಳು, ಅದೇ ಹೊತ್ತು. ಮಕ್ಕಳು ಒಳಗಿರುವಷ್ಟು ಕಾಲ ತಂದೆತಾಯಿ ಹೊರಗೆ ಕಾಯಲೇಬೇಕು. ಯಾವ ಶಾಲೆಯಲ್ಲಿ ಸೀಟು ಇದೆ, ಮಕ್ಕಳ ಡಾಕ್ಟರ್ ಯಾರು ಒಳ್ಳೆಯವರು, ನಿಮ್ಮ ಕಾರಿನಲ್ಲಿ ನಮ್ಮ ಮಗುವಿಗೂ ಜಾಗ ಇದೆಯೇ ಎಂಬ ಮಾತುಗಳು ಶುರುವಾಗುವುದು ಅಲ್ಲೇ. ಕಲಿಸುವವರೂ ಸಂಬಳದವರಲ್ಲ, ಇನ್ಯಾರದೋ ಅಪ್ಪ ಅಮ್ಮಂದಿರೇ. ಗಾಯನ ಮಂಡಳಿಯ ಅಭ್ಯಾಸವೂ ಹೀಗೆಯೇ ಕೆಲಸ ಮಾಡುತ್ತದೆ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದವರು ಅಪರಿಚಿತರಾಗಿ ಉಳಿಯುವುದು ಕಷ್ಟ.

“ಅಲ್ಲಿ ಮಲಯಾಳಿಗಳದ್ದೇ ದರ್ಬಾರು, ನಮ್ಮವರಿಗೆ ಜಾಗವಿಲ್ಲ.”

ಅವರ ಸಂಖ್ಯೆ ದೊಡ್ಡದು, ಫಿಲಿಪೀನ್ಸ್‌ನವರದ್ದೂ ದೊಡ್ಡದೇ. ಆದರೆ ಅಬುಧಾಬಿ, ದುಬೈಗಳಲ್ಲಿ ಮಂಗಳೂರು ಕಡೆಯ ಕೊಂಕಣಿ ಸಮುದಾಯವೂ ಗಟ್ಟಿಯಾಗಿದೆ, ಕನ್ಯಾ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತನ್ನು ಬಿಟ್ಟುಕೊಟ್ಟಿಲ್ಲ. ಆಗಸ್ಟ್ 30ರಿಂದ ಒಂಬತ್ತು ದಿನ ಮರಿಯಮ್ಮನಿಗೆ ಹೂವು, ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯ ಆಶೀರ್ವಾದ, ಮನೆಮಂದಿಯೆಲ್ಲ ಕೂತು ಉಣ್ಣುವ ಸಸ್ಯಾಹಾರದ ಊಟ. ಈ ಹಬ್ಬದ ಹೊತ್ತು ಕೊಲ್ಲಿಯ ಸಂಸಾರಗಳಿಗೆ ಹೇಳಿ ಮಾಡಿಸಿದಂತಿದೆ. ಜುಲೈ, ಆಗಸ್ಟ್ ರಜೆಗೆ ಊರಿಗೆ ಹೋದವರು ಶಾಲೆ ತೆರೆಯುವಾಗ ಮರಳಿರುತ್ತಾರೆ, ಹೊಸಬರೂ ಆಗಲೇ ಬಂದಿಳಿದಿರುತ್ತಾರೆ. ಹೊಸಬರನ್ನು ಅತಿಥಿಗಳಂತೆ ಕೂರಿಸದೆ ಹೂಬುಟ್ಟಿ ಜೋಡಿಸಲು, ಬಡಿಸಲು ಕರೆಯಬೇಕು. ಕೆಲಸ ಹಂಚಿಕೊಂಡವರು ಮುಂದಿನ ವಾರ ತಾವಾಗಿಯೇ ಬರುತ್ತಾರೆ. ಹಾಗೆಂದು ಮಕ್ಕಳನ್ನು ಕೊಂಕಣಿ ಗುಂಪಿಗಷ್ಟೇ ಕಟ್ಟಿಹಾಕುವುದು ತರವಲ್ಲ. ತರಗತಿಯಲ್ಲಿ ಅವರ ಗೆಳೆಯರು ಮನಿಲಾದವರೂ ಇರಬಹುದು, ಕೊಟ್ಟಾಯಂನವರೂ ಇರಬಹುದು.

“ಕಷ್ಟದಲ್ಲಿರುವವರಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಣ ಎತ್ತಿಕೊಟ್ಟರಾಯಿತು.”

ದಯವಿಟ್ಟು ಬೇಡ. ಯುಎಇಯಲ್ಲಿ ಅನುಮತಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಅಪರಾಧ, 2021ರ ಕಾನೂನು ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಧರ್ಮಗುರುಗಳಿಗೆ ತಿಳಿಸಿ, ಅನುಮತಿ ಇರುವ ಸಂಸ್ಥೆಯ ಮೂಲಕವೇ ಮುಂದುವರಿಯಿರಿ. ಬಾಣಂತಿಯ ಮನೆಗೆ ಸರದಿಯಲ್ಲಿ ಊಟ ಕೊಂಡೊಯ್ಯಲು, ಆಸ್ಪತ್ರೆಗೆ ಜೊತೆಯಾಗಲು ಯಾರ ಅನುಮತಿಯೂ ಬೇಡ.

“ಕುಟುಂಬ ಕೂಟ ಕುಟುಂಬದವರಿಗೆ ಮಾತ್ರ.”

ನನಗೆ ಅತ್ಯಂತ ನೋವು ಕೊಡುವ ಕಲ್ಪನೆ ಇದು. ಸಂಸಾರ ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ಮತ್ತು ವಸತಿ ಇರಬೇಕೆಂಬುದು ಇಲ್ಲಿನ ನಿಯಮ. ಮುಸಫ್ಫಾ ಕಾರ್ಖಾನೆಗಳ, ಕಾರ್ಮಿಕರ ವಸತಿಗಳ ಪ್ರದೇಶ. ಅಷ್ಟು ಸಂಬಳವಿಲ್ಲದೆ ಅಲ್ಲಿಂದ ಪೂಜೆಗೆ ಬರುವ ಎಷ್ಟೋ ಗಂಡಸರು ಬ್ಯಾಚುಲರ್ ಅನ್ನಿಸಿಕೊಂಡರೂ ಊರಲ್ಲಿ ಹೆಂಡತಿ ಮಕ್ಕಳಿರುವವರು, ಮಗುವಿನ ಮೊದಲ ಪರಮಪ್ರಸಾದವನ್ನು ಫೋನಿನಲ್ಲಿ ನೋಡಿದವರು. ಅವರೂ ತಂದೆಯರೇ. ಅವರನ್ನು ಬಿಟ್ಟು ಮಾಡುವ ಕೂಟಕ್ಕೆ ಕುಟುಂಬ ಕೂಟವೆಂಬ ಹೆಸರು ಒಪ್ಪುವುದಿಲ್ಲ. ಮೊಂತಿ ಫೆಸ್ತಿನ ಊಟದ ಪಟ್ಟಿ ಬರೆಯುವಾಗಲೇ ಅವರ ತಲೆಗಳನ್ನೂ ಎಣಿಸಿ, ಕಾರ್ಮಿಕರ ಕ್ಯಾಂಪಿನಿಂದ ಕರೆತರುವ ಕಾರು ಯಾರದೆಂದು ಅಲ್ಲೇ ಗೊತ್ತುಮಾಡಿಕೊಳ್ಳಬೇಕು.